ಗುಜರಿಗೆ ಹಾಕುವ ಮುಂಚೆ ನನ್ನ ಕಾರಿನಿಂದ ಏನು ಬಿಚ್ಚಿಕೊಂಡೆ, ಏನು ಬಿಟ್ಟೆ

ನನ್ನ ಕಾರು ಈಗ ಇಲ್ಲ ಅನ್ನುವುದಕ್ಕೆ ಕಾಗದ ಇವತ್ತು ಮಧ್ಯಾಹ್ನ ಕೈಗೆ ಬಂತು. ಅಪಘಾತವಾದ ದಿನದಿಂದ ಲೆಕ್ಕ ಹಾಕಿದರೆ 61 ದಿನ. ಇದರಲ್ಲಿ ನಾನೂ ನನ್ನ ತಮ್ಮನೂ ಸ್ಪ್ಯಾನರ್ ಹಿಡಿದದ್ದು ಬರೀ ನಾಲ್ಕು ದಿನ. ಉಳಿದದ್ದೆಲ್ಲ ಕಾಯುವುದು, ಫೋನ್ ಮಾಡುವುದು, ಮತ್ತೆ ಕಾಯುವುದು. ಅದರಲ್ಲಿ ಅರ್ಧದಷ್ಟು ದಿನ ನಾನೇ ಕೈಯಾರೆ ಕಳೆದುಕೊಂಡದ್ದು. ಕೆಲಸದಲ್ಲಿ ಕಷ್ಟ ಇರಲಿಲ್ಲ, ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಿರಲಿಲ್ಲ ಅಷ್ಟೆ. ನಿಮ್ಮ ಮನೆ ಮುಂದೆಯೂ ಒಂದು ನಜ್ಜುಗುಜ್ಜಾದ ಕಾರು ನಿಂತಿದ್ದರೆ, ಸ್ಪ್ಯಾನರ್ ಎತ್ತುವ ಮುಂಚೆ ಇದನ್ನೊಮ್ಮೆ ಓದಿ.

ಅಪಘಾತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಡಗಡೆ ಮುಂಭಾಗ ಪೂರ್ತಿ ಒಳಗೆ ಹೋಗಿತ್ತು. ಸ್ಟೇರಿಂಗಿನ ಏರ್‌ಬ್ಯಾಗ್ ಬಿಚ್ಚಿಕೊಂಡಿತು. ನಾನು ಮುಂದೆ, ಮಗಳು ಹಿಂದೆ ಅವಳ ಸೀಟಿನಲ್ಲಿ. ಇಬ್ಬರಿಗೂ ದೊಡ್ಡ ಪೆಟ್ಟೇನೂ ಆಗಲಿಲ್ಲ. ಬೆಲ್ಟ್ ಒತ್ತಿದ ಕಡೆ ನನ್ನ ಭುಜ ಹತ್ತು ದಿನ ಕಪ್ಪಗಿತ್ತು, ಅಷ್ಟೆ. ಕಾರಿಗೆ 11 ವರ್ಷ ವಯಸ್ಸು. ಗ್ಯಾರೇಜಿನವರು ಬಾನೆಟ್ ಎತ್ತಲು ನೋಡಿ, ಆಗದೆ, ಸಂದಿಯಿಂದಲೇ ಬಗ್ಗಿ ನೋಡಿ ತಲೆ ಅಲ್ಲಾಡಿಸಿದರು. ಆಗಲೇ ನನಗೆ ಗೊತ್ತಾಯಿತು, ಇದು ಮನೆಗೆ ಬರುವುದಿಲ್ಲ.

ವಿಮೆಯವರ ಕಡೆಯಿಂದ ಪರಿಶೀಲನೆಗೆ ಜನ ಬರಲು ಎಂಟು ದಿನ ಆಯಿತು. ರಿಪೇರಿ ಖರ್ಚು ಕಾರಿನ ಬೆಲೆಯನ್ನೇ ದಾಟುತ್ತದೆ, ಹಾಗಾಗಿ ಇದು ಪೂರ್ತಿ ನಷ್ಟ ಎಂದು ಹೇಳಲು ಇನ್ನೂ ನಾಲ್ಕು ದಿನ. ಅಷ್ಟೂ ದಿನ ಕಾರು ಗ್ಯಾರೇಜಿನಲ್ಲೇ ಇತ್ತು. ಅಲ್ಲಿ ನಿಂತದ್ದಕ್ಕೆ ದಿನಕ್ಕಿಷ್ಟು ಅಂತ ಬಾಡಿಗೆ ಓಡುತ್ತಿತ್ತು, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಬಿಲ್ ಕೈಗೆ ಬಂದಾಗ ಹೊಟ್ಟೆ ಚುರ್ರ್ ಅಂದಿತು. ಕಾರು ಬಿಟ್ಟ ಮೊದಲ ದಿನವೇ ಕೇಳಿ: ನಿಲ್ಲಿಸಿದ್ದಕ್ಕೆ ದುಡ್ಡು ಉಂಟಾ, ಎಷ್ಟು, ಯಾವತ್ತಿನಿಂದ?

ಈ ಹನ್ನೆರಡು ದಿನದಲ್ಲೇ ತಮ್ಮ ಫೋನ್ ಮಾಡಿದ. ಅವನ ಹತ್ತಿರವೂ ಇದೇ ಮಾದರಿಯ ಕಾರು ಇದೆ, ಬಣ್ಣವೂ ಅದೇ. "ಅಕ್ಕಾ, ಅದನ್ನ ಹಾಗೇ ಕೊಟ್ಟುಬಿಡಬೇಡ. ನನ್ನ ಬಲಗನ್ನಡಿ ಒಡೆದು ಆರು ತಿಂಗಳಾಯ್ತು. ಡೈನಮೊ ಕೂಡ ಕಿರುಗುಟ್ಟುತ್ತಿದೆ. ಬಿಚ್ಚೋಣ" ಅಂದ. ನನಗೂ ಮನಸ್ಸಾಯಿತು. ನೆಟ್ಟಗಿರುವ ಸಾಮಾನನ್ನು ತೂಕಕ್ಕೆ ಹಾಕುವುದಕ್ಕೆ ಯಾರಿಗೆ ಮನಸ್ಸು ಬರುತ್ತೆ?

ಮರುದಿನವೇ ಪಾನಾ ಪೆಟ್ಟಿಗೆ ಹಿಡಿದು ಗ್ಯಾರೇಜಿಗೆ ಹೊರಟಿದ್ದೆವು. ಪುಣ್ಯಕ್ಕೆ ಅಲ್ಲಿನ ಹಿರಿಯ ಮೆಕ್ಯಾನಿಕ್ ತಡೆದರು. "ಮೇಡಂ, ಇದು ಈಗ ಯಾರ ಕಾರು?" ಅಂತ ಕೇಳಿದರು. ನನ್ನದು ಅಂದೆ. "ವಿಮೆ ದುಡ್ಡು ತಗೊಂಡ ಮೇಲೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಷಯ ಇಷ್ಟೇ. ಪೂರ್ತಿ ನಷ್ಟ ಅಂತ ವಿಮೆಯವರು ಪೂರಾ ಹಣ ಕೊಟ್ಟರೆ, ಮುರಿದ ಕಾರು ಸಾಮಾನ್ಯವಾಗಿ ಅವರ ಪಾಲಿಗೆ ಹೋಗುತ್ತದೆ. ಆಮೇಲೆ ಅದರಿಂದ ಒಂದು ಬಲ್ಬ್ ಬಿಚ್ಚಿದರೂ ಅದು ನಿಮ್ಮದಲ್ಲ. ಕಾರನ್ನು ನೀವೇ ಇಟ್ಟುಕೊಳ್ಳುವುದಾದರೆ, ಮುರಿದ ಕಾರಿಗೆ ಅವರು ಒಂದು ಬೆಲೆ ಕಟ್ಟುತ್ತಾರೆ, ಅಷ್ಟನ್ನು ನಿಮಗೆ ಬರುವ ಹಣದಲ್ಲಿ ಮುರಿದುಕೊಳ್ಳುತ್ತಾರೆ. ಮುರಿದುಕೊಳ್ಳುವ ಆ ಮೊತ್ತ, ಗುಜರಿಯವರು ಕೊಡುವ ಹಣ, ನಿಮಗೆ ನಿಜವಾಗಿ ಬೇಕಾದ ಸಾಮಾನಿನ ಬೆಲೆ, ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ನೋಡಿ. ನಾನು ಬರೆದಾಗ ಸ್ವಲ್ಪವೇ ಲಾಭ ಕಂಡಿತು. ಎಳೆದು ತರುವ ಖರ್ಚನ್ನು ಸೇರಿಸಲು ಮರೆತಿದ್ದೆ. ಅದನ್ನೂ ಸೇರಿಸಿದ್ದರೆ ಎರಡು ಸಲ ಯೋಚಿಸುತ್ತಿದ್ದೆ.

ಇಟ್ಟುಕೊಳ್ಳುತ್ತೇನೆ ಅಂತ ಬರೆದುಕೊಟ್ಟೆ. ಕೂಡಲೇ ಹೊಸ ತೊಡಕು ಎದ್ದಿತು. ಕಾರಿನ ಸಾಲ ತೀರಿಸಿ ನಾಲ್ಕು ವರ್ಷ ಆಗಿತ್ತು, ಆದರೆ ನೋಂದಣಿ ಪತ್ರದಲ್ಲಿ ಸಾಲ ಕೊಟ್ಟವರ ಹೆಸರು ಹಾಗೇ ಕೂತಿತ್ತು. ಕೊನೆಯ ಕಂತು ಕಟ್ಟಿದ ದಿನ ಖುಷಿಯಲ್ಲಿ ಮನೆಗೆ ಬಂದಿದ್ದೆನೇ ಹೊರತು, ಆ ಹೆಸರು ತೆಗೆಸಬೇಕು ಎಂದು ಹೊಳೆದೇ ಇರಲಿಲ್ಲ. ಅವರ ಹೆಸರು ಇರುವ ತನಕ ವಿಮೆ ಹಣ ಕೊಡಲೂ ಆಗುವುದಿಲ್ಲ, ನೋಂದಣಿ ರದ್ದು ಮಾಡಲೂ ಆಗುವುದಿಲ್ಲ. ಸಾಲ ಬಾಕಿ ಇಲ್ಲ ಅನ್ನುವ ಒಂದು ಸಾಲಿನ ಪತ್ರಕ್ಕೆ ಒಂಬತ್ತು ದಿನ ಅಲೆದೆ. ನಿಮ್ಮ ಕಾರು ಈಗ ಚೆನ್ನಾಗಿಯೇ ಓಡುತ್ತಿದ್ದರೂ ಸರಿ, ಇವತ್ತೇ ನೋಂದಣಿ ಪತ್ರ ತೆಗೆದು ಆ ಒಂದು ಜಾಗ ನೋಡಿಬಿಡಿ.

ಅಷ್ಟರಲ್ಲಿ ಕಾರನ್ನು ತಮ್ಮನ ಮನೆಯ ಹಿಂದಿನ ಖಾಲಿ ಜಾಗಕ್ಕೆ ಎಳೆಸಿಕೊಂಡು ಬಂದೆವು. ಬಾಡಿಗೆ ನಿಂತಿತು.

ಇಲ್ಲಿ ನಾನು ಮಾಡಿದ ಒಂದೇ ಒಂದು ಜಾಣತನದ ಕೆಲಸ ಹೇಳಿಬಿಡುತ್ತೇನೆ. ಒಂದು ನಟ್ಟನ್ನೂ ಮುಟ್ಟುವ ಮುಂಚೆ ಮೂರು ಗುಜರಿಯವರಿಗೆ ಫೋನ್ ಮಾಡಿದೆ. ಬೆಲೆ ಎಷ್ಟು ಅಂತ ಕೇಳುವುದರ ಜೊತೆಗೆ, "ಕಾರಿನಲ್ಲಿ ಏನೇನು ಇರಲೇಬೇಕು?" ಅಂತಲೂ ಕೇಳಿದೆ. ಒಬ್ಬರು ಇಂಜಿನ್, ಗೇರ್‌ಬಾಕ್ಸ್ ಇದ್ದರೆ ಸಾಕು ಅಂದರು. ಇನ್ನೊಬ್ಬರು ಬ್ಯಾಟರಿಯೂ ಬೇಕು ಅಂದರು, ಅದರೊಳಗಿನ ಸೀಸಕ್ಕೆ ಬೆಲೆ ಇದೆಯಲ್ಲ. ಮೂರೂ ಜನ ತಪ್ಪದೆ ಕೇಳಿದ್ದು ಸೈಲೆನ್ಸರ್ ಕೊಳವೆಯಲ್ಲಿ ಕೂರುವ ಕೆಟಲಿಟಿಕ್ ಕನ್ವರ್ಟರ್. ಹೊಗೆಯ ವಿಷ ಕಡಿಮೆ ಮಾಡಲು ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ಇಡೀ ಕಾರಿನ ತೂಕ ಒಂದು ತಕ್ಕಡಿ, ಇದೊಂದೇ ಇನ್ನೊಂದು ತಕ್ಕಡಿ. ಎರಡು ದಿನ ಬಿಟ್ಟು ಒಬ್ಬ ಗೇಟಿನ ಹತ್ತಿರ ಬಂದು, ಅದೊಂದನ್ನು ಮಾತ್ರ ಕೊಡಿ, ಕೈಯಲ್ಲೇ ದುಡ್ಡು ಕೊಡುತ್ತೇನೆ ಅಂದ. ಕೊಡಲಿಲ್ಲ. ಕೊಟ್ಟಿದ್ದರೆ ಗುಜರಿಯವರು ಹೇಳಿದ್ದ ಬೆಲೆ ಅರ್ಧಕ್ಕೆ ಇಳಿಯುತ್ತಿತ್ತು.

ಮೊದಲ ಶನಿವಾರ. ತಮ್ಮ ಬಹಳ ಉತ್ಸಾಹದಲ್ಲಿದ್ದ. ಮೊದಲು ಬ್ಯಾಟರಿ ತೆಗೆಯಬೇಕು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಏಳದ ಬಾನೆಟ್ಟನ್ನು ಹೇಗೋ ಎಬ್ಬಿಸಿ, ಹೇಳಿದ ಹಾಗೇ ತೆಗೆದೆವು. ಮೊದಲು ಮೈನಸ್, ಆಮೇಲೆ ಪ್ಲಸ್. ಈ ಕ್ರಮಕ್ಕೆ ಕಾರಣ ಇದೆ. ಕಾರಿನ ಇಡೀ ಕಬ್ಬಿಣದ ಮೈ ಮೈನಸ್ಸಿಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಎಲ್ಲಾದರೂ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ತಾಗಿದರೂ ಏನೂ ಆಗುವುದಿಲ್ಲ.

ಬ್ಯಾಟರಿ ಹೊರಗೆ ಇಟ್ಟು ಹಿಂದಕ್ಕೆ ಹೋಗಿ ಡಿಕ್ಕಿ ತೆಗೆಯಲು ನೋಡಿದರೆ ತೆರೆಯುತ್ತಿಲ್ಲ. ನಮ್ಮ ಡಿಕ್ಕಿಯ ಬೀಗ ಕರೆಂಟಿನದು. ಜಾಕಿ, ವೀಲ್ ಸ್ಪ್ಯಾನರ್, ಸ್ಟೆಪ್ನಿ ಎಲ್ಲ ಅದರೊಳಗೆ. ಡಿಕ್ಕಿ ಹೊಡೆದದ್ದು ಮುಂದೆ, ಕಾಟ ಕೊಟ್ಟದ್ದು ಹಿಂದಿನ ಡಿಕ್ಕಿ. ಕಿಟಕಿ ಗಾಜುಗಳು ಮೇಲೇ ನಿಂತಿದ್ದವು, ಬಾಗಿಲಿನ ಒಳಗಿನ ಕೆಲವು ಬೋಲ್ಟು ಗಾಜು ಇಳಿಸಿದರೆ ಮಾತ್ರ ಕೈಗೆ ಸಿಗುತ್ತವೆ. ಇದಕ್ಕಿಂತ ದೊಡ್ಡದು ನನಗೆ ಆಮೇಲೆ ನೆನಪಾಯಿತು. ಆಡಿಯೊ ಸಿಸ್ಟಮ್ಮಿನಲ್ಲಿ ನನ್ನ ಫೋನಿನ ಅಷ್ಟೂ ನಂಬರುಗಳು ಇದ್ದವು, ದಾರಿ ತೋರಿಸುವ ನಕ್ಷೆಯಲ್ಲಿ "ಮನೆ" ಅಂತ ನಮ್ಮ ವಿಳಾಸ ಇತ್ತು. ಅದನ್ನು ಹಾಗೇ ಯಾರದೋ ಕೈಗೆ ಕೊಡುವುದುಂಟೇ?

ಸುಮ್ನೆ ಬ್ಯಾಟರಿಯನ್ನು ಮತ್ತೆ ಕೂರಿಸಿದೆವು. ಆಗ ಇನ್ನೂ ಬೇರೇನೂ ಬಿಚ್ಚಿರಲಿಲ್ಲ, ಹಾಗಾಗಿ ಬಚಾವ್. ಏರ್‌ಬ್ಯಾಗಿನ ವೈರು ಬಿಚ್ಚಿದ ಮೇಲಾದರೆ ಹೀಗೆ ಕರೆಂಟು ಕೊಟ್ಟು ಆಟ ಆಡುವ ಹಾಗಿಲ್ಲ. ಡಿಕ್ಕಿ ತೆರೆದು, ಬೀಗ ಮತ್ತೆ ಹಾಕಿಕೊಳ್ಳದ ಹಾಗೆ ಬಟ್ಟೆ ತುರುಕಿದೆವು. ಒಡೆಯದೆ ಉಳಿದ ಗಾಜುಗಳನ್ನೆಲ್ಲ ಇಳಿಸಿದೆವು. ಮುಂದಿನ ಸೀಟುಗಳನ್ನು ಪೂರ್ತಿ ಹಿಂದಕ್ಕೆ ಸರಿಸಿದೆವು. ಫೋನಿನ ಜೋಡಣೆ ಅಳಿಸಿ, ಸಿಸ್ಟಮ್ಮನ್ನು ಹೊಸದರ ಹಾಗೆ ಮಾಡಿದೆವು. ಸ್ಟೇರಿಂಗ್ ನೇರ ಮಾಡಿ, ಗೇರನ್ನು ನ್ಯೂಟ್ರಲ್‌ಗೆ ತಂದೆವು. ಆಮೇಲೆ ಬ್ಯಾಟರಿ ತೆಗೆದೆವು. ಒಂದು ಬೆಳಿಗ್ಗೆ ಪೂರ್ತಿ ಇದಕ್ಕೇ ಹೋಯಿತು.

ಏರ್‌ಬ್ಯಾಗ್ ವಿಚಾರದಲ್ಲಿ ಮಾತ್ರ ದಯವಿಟ್ಟು ತಮಾಷೆ ಬೇಡ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗನ್ನು ನಡೆಸುವ ಪೆಟ್ಟಿಗೆಯಲ್ಲಿ ಕೆಲವು ನಿಮಿಷ ಕರೆಂಟು ಉಳಿದಿರುತ್ತದೆ. ನಾವು ಅರ್ಧ ಗಂಟೆ ಬಿಟ್ಟೆವು. ಬಿಚ್ಚಿಕೊಳ್ಳದೆ ಉಳಿದ ಬ್ಯಾಗು ಒಳಗೆ ಪಟಾಕಿ ಇಟ್ಟ ಹಾಗೆ. ಅದರ ವೈರುಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣದ ಕವಚ ಇರುತ್ತದೆ. ಹಳದಿ ಕಂಡರೆ ಕೈ ಹಿಂದಕ್ಕೆ, ಇದು ನಮ್ಮ ನಿಯಮವಾಗಿತ್ತು. ಸೀಟ್ ಬೆಲ್ಟನ್ನು ಸರಕ್ಕನೆ ಬಿಗಿಯುವ ಸಾಧನದಲ್ಲೂ ಅಂಥದೇ ಸಿಡಿಯುವ ಪುಡಿ ಇರುತ್ತದೆ. ಮುಂದಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಆ ಸೀಟೂ ಬೇಡ. ತಮ್ಮನಿಗೆ ನನ್ನ ಸೀಟುಗಳ ಮೇಲೆ ಬಹಳ ಆಸೆ ಇತ್ತು. ಬೇಡ ಅಂತ ಜಗಳವನ್ನೇ ಆಡಿದೆ. ಹೈಬ್ರಿಡ್ ಅಥವಾ ಬ್ಯಾಟರಿ ಕಾರು ಆಗಿದ್ದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಾಣುತ್ತದೆ. ಅದು ಜೀವ ತೆಗೆಯುವ ವೋಲ್ಟೇಜು. ಅಂಥ ಕಾರನ್ನು ಮನೆಯಲ್ಲಿ ಬಿಚ್ಚುವ ಮಾತೇ ಬೇಡ.

ಹಿಂದಿನ ಸೀಟಿನಿಂದ ಮಗಳ ಕೂರುವ ಸೀಟನ್ನು ತೆಗೆದೆ. ನೋಡಲು ಒಂದು ಗೀರೂ ಇರಲಿಲ್ಲ. ಆದರೆ ದೊಡ್ಡ ಅಪಘಾತ ಕಂಡ ಮಕ್ಕಳ ಸೀಟನ್ನು ಮತ್ತೆ ಬಳಸಬಾರದು, ಕಣ್ಣಿಗೆ ಕಾಣದ ಬಿರುಕು ಇರಬಹುದು. ಅದರ ಪಟ್ಟಿಗಳನ್ನು ಕತ್ತರಿಯಿಂದ ಕತ್ತರಿಸಿಯೇ ಎಸೆದೆ. ಯಾರಾದರೂ ಎತ್ತಿಕೊಂಡು ಹೋಗಿ ಇನ್ನೊಂದು ಮಗುವನ್ನು ಕೂರಿಸಿದರೆ? ಸೀಟಿನ ಕೆಳಗೆ ಅವಳ ಎರಡು ಹೇರ್ ಕ್ಲಿಪ್ಪು, ಒಂದು ಕ್ರೆಯಾನು, ಮೂರು ವರ್ಷದ ಹಿಂದೆ ಕಳೆದಿದೆ ಅಂತ ನಾವು ಮನೆಯೆಲ್ಲ ಹುಡುಕಿದ್ದ ಅಲ್ಮೇರಾ ಕೀ ಸಿಕ್ಕಿತು. ಅಲ್ಲೇ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ತಮ್ಮನೂ ಏನೂ ಮಾತಾಡಲಿಲ್ಲ.

ಮಧ್ಯಾಹ್ನದ ಮೇಲೆ ಬಲಗಡೆ ಹೆಡ್‌ಲೈಟಿಗೆ ಕೈ ಹಾಕಿದೆವು. ಮೂರು ಬೋಲ್ಟು, ಹತ್ತು ನಿಮಿಷ ಅಂದುಕೊಂಡಿದ್ದೆವು. ಮೇಲಿನ ಎರಡು ಬೋಲ್ಟು ಸುಲಭವಾಗಿ ಬಂದವು. ಮೂರನೆಯದು ಬಂಪರಿನ ಹಿಂದೆ ಅಡಗಿ ಕೂತಿತ್ತು. ಬಂಪರ್ ಬಿಚ್ಚಬೇಕಾದರೆ ಚಕ್ರದ ಗೂಡಿನೊಳಗಿನ ಪ್ಲಾಸ್ಟಿಕ್ ಹಾಳೆ ಸರಿಸಬೇಕು. ಆ ಹಾಳೆಗೆ ಕ್ಲಿಪ್ಪುಗಳು. ಕ್ಲಿಪ್ಪಿನ ನಡುವಿನ ಗುಂಡಿಯನ್ನು ಮೊದಲು ಮೇಲಕ್ಕೆ ಎಬ್ಬಿಸಬೇಕು, ಆಮೇಲೆ ಇಡೀ ಕ್ಲಿಪ್ಪು ಹೊರಗೆ ಬರುತ್ತದೆ. ಇದು ಗೊತ್ತಿಲ್ಲದೆ ಮೊದಲ ಆರನ್ನು ಮುರಿದೆವು. ಕೊನೆಗೆ ಲೈಟು ಕೈಗೆ ಬಂದಿತು, ಆದರೆ ವೈರಿನ ಸಾಕೆಟ್ ಬಿಡಲೊಲ್ಲದು. 11 ವರ್ಷದ ಬಿಸಿಗೆ ಪ್ಲಾಸ್ಟಿಕ್ ಹಪ್ಪಳವಾಗಿತ್ತು. ಜೋರಾಗಿ ಎಳೆದರೆ ಸಾಕೆಟ್ಟನ್ನು ಹಿಡಿದಿರುವ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಮೊದಲು ಸಾಕೆಟ್ಟನ್ನು ಒಳಗೆ ಒತ್ತಬೇಕು. ಒತ್ತಿದಾಗ ಕೊಂಡಿ ಸಡಿಲ ಆಗುತ್ತದೆ. ಆಗ ನಾಲಿಗೆಯನ್ನು ಅದುಮಿ ಎಳೆದರೆ "ಟಕ್" ಅಂತ ಬರುತ್ತದೆ. ಆ ಟಕ್ ಕೇಳಲು ಎರಡು ಗಂಟೆ ಹಿಡಿಯಿತು. ಆಮೇಲಿನ ಮೂವತ್ತು ಸಾಕೆಟ್ಟುಗಳು ಮೂವತ್ತು ಸೆಕೆಂಡಿಗೊಂದರಂತೆ ಬಿಚ್ಚಿಕೊಂಡವು.

ಬಿಚ್ಚುವ ಮುಂಚೆ ಪ್ರತಿ ಸಾಮಾನಿನ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಚಿಕ್ಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೆಸರು ಬರೆದು, ಅದೇ ಸಾಮಾನಿಗೆ ಕಟ್ಟಿ. ನಾವು ಮೊದಲ ದಿನ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಿದ್ದೆವು. ಆ ಡಬ್ಬಿ ಇನ್ನೂ ಹಾಗೇ ಇದೆ, ಯಾವುದು ಯಾವುದರದ್ದೋ ದೇವರೇ ಬಲ್ಲ.

ಎರಡನೇ ದಿನ ಡೈನಮೊ, ಸೆಲ್ಫ್ ಮೋಟರ್, ಕನ್ನಡಿಗಳು, ಹಿಂದಿನ ಲೈಟುಗಳು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆವು, ಬಹಳ ಉಪಕಾರ ಆಯಿತು. ಎಣ್ಣೆ ಹೊಡೆದ ಕೂಡಲೇ ತಿರುಗಿಸಿದರೆ ಪ್ರಯೋಜನ ಇಲ್ಲ, ಅದಕ್ಕೂ ಇಳಿಯಲು ಸಮಯ ಬೇಕು. ಡೈನಮೊಗೆ ಬರುವ ದಪ್ಪ ವೈರು ನೇರ ಬ್ಯಾಟರಿಯಿಂದಲೇ ಬರುತ್ತದೆ, ಕೀ ಆಫ್ ಮಾಡಿದರೂ ಅದರಲ್ಲಿ ಕರೆಂಟು ಇರುತ್ತದೆ. ಬ್ಯಾಟರಿ ಮೊದಲು ತೆಗೆಯುವುದು ಇದಕ್ಕೇ.

ಎ.ಸಿ. ಕಂಪ್ರೆಸರನ್ನು ಮುಟ್ಟಲಿಲ್ಲ. ಅದರ ಪೈಪು ಬಿಚ್ಚಿದರೆ ಒಳಗಿನ ಗ್ಯಾಸು ಒತ್ತಡದಲ್ಲಿ ಚಿಮ್ಮುತ್ತದೆ, ಕೈ ಚರ್ಮ ಮರಗಟ್ಟಿ ಹೋಗಬಹುದು. ಕಾರುಗಳಲ್ಲಿ ಬಹುಕಾಲದಿಂದ ಬಳಸುತ್ತಿರುವ ಆರ್-134ಎ ಗ್ಯಾಸು ಭೂಮಿ ಬಿಸಿಯಾಗಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಅದನ್ನು ಯಂತ್ರ ಇರುವವರು ಹೀರಿ ತೆಗೆಯಬೇಕು. ಮುಂದಿನ ಚಕ್ರದ ಹಿಂದಿರುವ ದೊಡ್ಡ ಸ್ಪ್ರಿಂಗನ್ನೂ ಬಿಟ್ಟೆವು. ಅದರ ತಲೆಯ ನಡುವಿನ ನಟ್ಟು ಬಿಚ್ಚಿದರೆ, ಒತ್ತಿ ಇಟ್ಟಿರುವ ಸ್ಪ್ರಿಂಗು ಗುಂಡಿನ ಹಾಗೆ ಹಾರುತ್ತದೆ.

ಚಕ್ರಗಳದ್ದು ಬೇರೆಯೇ ಕಥೆ. ನಾಲ್ಕರಲ್ಲಿ ಎಡ ಮುಂದಿನದು ಸೀಳಿತ್ತು. ಉಳಿದ ಮೂರು ಟೈರುಗಳ ವಯಸ್ಸು ನೋಡಿದೆ. ಟೈರಿನ ಬದಿಯಲ್ಲಿ ಡಿ.ಓ.ಟಿ. ಅಂತ ಶುರುವಾಗುವ ಅಕ್ಷರಸಾಲಿನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ. 3519 ಅಂದರೆ 2019ರ 35ನೇ ವಾರ. ಎರಡು ಟೈರು ಇನ್ನೂ ಚೆನ್ನಾಗಿದ್ದವು, ಒಂದು ಮುದುಕ. ನಟ್ಟುಗಳನ್ನು ಚಕ್ರ ನೆಲದ ಮೇಲೆ ಇದ್ದಾಗಲೇ ಸ್ವಲ್ಪ ಸಡಿಲ ಮಾಡಬೇಕು, ಎತ್ತಿದ ಮೇಲೆ ಚಕ್ರವೇ ತಿರುಗುತ್ತದೆ. ಅದನ್ನು ಸರಿಯಾಗಿ ಮಾಡಿದೆವು. ಜಾಕಿಯನ್ನೇ ನಂಬದೆ ಕೆಳಗೆ ಸ್ಟ್ಯಾಂಡೂ ಕೊಟ್ಟೆವು. ಆದರೆ ನಟ್ಟೆಲ್ಲ ಬಿಚ್ಚಿದರೂ ಹಿಂದಿನ ಬಲ ಚಕ್ರ ಅದು ಕೂರುವ ಲೋಹದ ಹಬ್‌ಗೆ ಅಂಟಿಕೊಂಡುಬಿಟ್ಟಿತ್ತು. ಎಳೆದದ್ದಾಯಿತು, ಬೈದದ್ದಾಯಿತು. ಕೊನೆಗೆ ನೆಲದ ಮೇಲೆ ಕೂತು, ಮರದ ತುಂಡು ಇಟ್ಟು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಿಮ್ಮಡಿಯಿಂದ ಒದ್ದೆ. ಇಪ್ಪತ್ತನೆಯದೋ ಇಪ್ಪತ್ತೈದನೆಯದೋ ಒದೆತಕ್ಕೆ ತುಕ್ಕಿನ ಪುಡಿ ಉದುರಿ ಚಕ್ರ ಮಡಿಲಿಗೆ ಬಿತ್ತು. ಆ ಎರಡು ತಿಂಗಳಲ್ಲಿ ನನಗೆ ನಿಜವಾಗಿ ಸಮಾಧಾನ ಆದದ್ದು ಆ ಒದೆತಗಳಲ್ಲೇ.

ಸಂಜೆ ಚಕ್ರಗಳನ್ನು ಸಾಲಾಗಿ ನಿಲ್ಲಿಸಿ ಬೀಗುತ್ತಿದ್ದಾಗ ಗುಜರಿಯವರ ಫೋನು ಬಂತು. "ಗಾಡಿ ಉರುಳುತ್ತಲ್ಲ ಮೇಡಂ?" ಅಂದರು. ಚಕ್ರ ಇಲ್ಲದ ಕಾರನ್ನು ಲಾರಿಗೆ ಹತ್ತಿಸುವುದು ಹೇಗೆ? ಕ್ರೇನ್ ಬೇಕಾಗುತ್ತೆ, ಅದರ ಖರ್ಚು ನಿಮ್ಮದೇ ಅಂದರು. ತಮ್ಮ ಎರಡು ದಿನ ಟೈರ್ ಅಂಗಡಿಗಳನ್ನು ಸುತ್ತಿ, ನುಣ್ಣಗಾದ ಟೈರಿರುವ ಹಳೇ ಕಬ್ಬಿಣದ ಚಕ್ರ ಎರಡನ್ನು ತಂದ. ಅವನ್ನೂ ಸ್ಟೆಪ್ನಿಯನ್ನೂ ಹಾಕಿ, ಮುದುಕ ಟೈರನ್ನು ಅದರ ಜಾಗದಲ್ಲೇ ಬಿಟ್ಟು, ಕಾರನ್ನು ಮತ್ತೆ ನೆಲಕ್ಕೆ ಇಳಿಸಿದೆವು. ಆ ಹಳೇ ಚಕ್ರಗಳಿಗೆ ಕೊಟ್ಟ ದುಡ್ಡು, ನಾವು ಉಳಿಸಿಕೊಂಡ ಒಂದು ಟೈರಿನ ಬೆಲೆಗೆ ಸಮ ಆಯಿತು.

ಇನ್ನು ನಿಜವಾದ ಪೆಟ್ಟು. ಎರಡನೇ ಭಾನುವಾರ ಬಿಚ್ಚಿದ್ದನ್ನು ತಮ್ಮನ ಕಾರಿಗೆ ಜೋಡಿಸಲು ಶುರು ಮಾಡಿದೆವು. ಬಲಗನ್ನಡಿ ಹೇಳಿ ಮಾಡಿಸಿದ ಹಾಗೆ ಕೂತಿತು. ಡೈನಮೊ ಕೂತಿತು. ಹಿಂದಿನ ಲೈಟು ಕೂರಲಿಲ್ಲ. ಹೆಡ್‌ಲೈಟಂತೂ ಹತ್ತಿರಕ್ಕೂ ಬರಲಿಲ್ಲ. ಹೆಸರು ಒಂದೇ, ಬಣ್ಣ ಒಂದೇ. ಆದರೆ ಅವನದು ನನ್ನದಕ್ಕಿಂತ ಎರಡು ವರ್ಷ ಈಚಿನದು, ಆ ನಡುವೆ ಕಂಪನಿಯವರು ಕಾರಿನ ಮುಖ ಬದಲಿಸಿದ್ದರು. ದಿನವೂ ಎರಡೂ ಕಾರು ಅಕ್ಕಪಕ್ಕ ನಿಂತಾಗಲೂ ನಮಗೆ ಕಣ್ಣಿಗೆ ಬಿದ್ದಿರಲಿಲ್ಲ! ಎರಡು ಗಂಟೆ ಬೆವರು ಹರಿಸಿ ತೆಗೆದ ಹೆಡ್‌ಲೈಟು ಮೂಲೆ ಸೇರಿತು. ಬಿಚ್ಚುವ ಮುಂಚೆ ಸಾಮಾನಿನ ಮೇಲಿರುವ ಪಾರ್ಟ್ ನಂಬರ್ ಹೊಂದುತ್ತದೆಯೇ ಅಂತ ನೋಡಿ. ಸ್ಟಿಕರಿನಲ್ಲೋ ಅಚ್ಚಿನಲ್ಲೋ ಇದ್ದೇ ಇರುತ್ತದೆ. ಎರಡು ನಿಮಿಷದ ಕೆಲಸ.

ಇಂಜಿನ್ನಿನ ಕಂಪ್ಯೂಟರನ್ನೂ ಅವನು ಬಿಚ್ಚಿಟ್ಟುಕೊಂಡಿದ್ದ, "ಮುಂದೆ ಬೇಕಾಗುತ್ತೆ" ಅಂತ. ಅದು ನನ್ನ ಕೀಯಲ್ಲಿರುವ ಚಿಪ್ಪಿನ ಜೊತೆ ಜೋಡಿಯಾಗಿರುತ್ತದೆ. ಬೇರೆ ಕಾರಿಗೆ ಹಾಕಿದರೆ ಕಳ್ಳ ಬಂದಿದ್ದಾನೆ ಅಂತ ಇಂಜಿನ್ ಚಾಲೂ ಆಗಲು ಬಿಡುವುದೇ ಇಲ್ಲ. ಪರಿಣತರಿಂದ ಮತ್ತೆ ಹೊಂದಿಸಬೇಕು. ಆಡಿಯೊ ಸಿಸ್ಟಮ್ಮೂ ಹಾಗೇ, ಬ್ಯಾಟರಿ ತೆಗೆದು ಹಾಕಿದ ಮೇಲೆ ಕೋಡ್ ಕೇಳಿತು. ಕಾರಿನ ಜೊತೆ ಬಂದ ಪುಸ್ತಕದ ಕೊನೆಯ ಪುಟದಲ್ಲಿ ಆ ಕೋಡ್ ಬರೆದಿತ್ತು. ಆ ಪುಸ್ತಕ ಗುಜರಿಯ ರಾಶಿಗೆ ಹೋಗಿಬಿಡುತ್ತಿತ್ತು, ಮಗಳು ಚಿತ್ರ ಬಿಡಿಸಲು ಎತ್ತಿಟ್ಟುಕೊಂಡಿದ್ದಕ್ಕೆ ಉಳಿಯಿತು.

ಬೇಕಾದವರಿಗೆ ಮಾರಿದ್ದು ಎರಡೇ: ಬಲ ಹಿಂದಿನ ಬಾಗಿಲು ಮತ್ತು ಆ ದುರದೃಷ್ಟದ ಹೆಡ್‌ಲೈಟು. ಬಾಗಿಲು ತಗೊಂಡವರಿಗೆ ಬಣ್ಣವೂ ಹೊಂದಬೇಕಿತ್ತು. ಬಣ್ಣದ ಕೋಡು ಬಾಗಿಲ ಚೌಕಟ್ಟಿನ ಫಲಕದಲ್ಲಿ ಸಿಕ್ಕಿತು. ಬಾಗಿಲು ಬಿಚ್ಚುವಾಗ ಒಬ್ಬರು ಹಿಡಿದುಕೊಂಡೇ ಇರಬೇಕು, ಅದರ ಭಾರ ಕೈಗೆ ಬಿದ್ದಾಗಲೇ ಗೊತ್ತಾಗುವುದು. ಎಡಬಾಗಿಲಿನ ಒಡೆದ ಗಾಜು ಹರಳುಪ್ಪಿನ ಹಾಗೆ ಪುಡಿಯಾಗಿ ಎಲ್ಲೆಲ್ಲೂ ಬಿದ್ದಿತ್ತು. ಗ್ಲೌಸ್ ಇಲ್ಲದೆ ಸೀಟಿನ ಸಂದಿಗೆ ಕೈ ಹಾಕಬೇಡಿ, ನನ್ನ ಬೆರಳಿನಲ್ಲಿ ಇನ್ನೂ ಗುರುತಿದೆ. ಗೊತ್ತಿಲ್ಲದವರಿಗೆ ಮಾರಿದಾಗ ಏನು, ಯಾವತ್ತು ಅಂತ ಒಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಿ. ಬ್ರೇಕ್ ಸಾಮಾನು ಕೇಳಿದವರಿಗೆ ಇಲ್ಲ ಅಂದೆ. ಅಪಘಾತ ಕಂಡ ಬ್ರೇಕನ್ನು ಇನ್ನೊಬ್ಬರ ಕಾಲ ಕೆಳಗೆ ಇಡಲು ನನಗೆ ಮನಸ್ಸಾಗಲಿಲ್ಲ.

ಎಣ್ಣೆ, ನೀರುಗಳ ವಿಚಾರ. ಪೆಟ್ರೋಲ್ ತೆಗೆಯಲು ಆ ಹಿರಿಯ ಮೆಕ್ಯಾನಿಕ್ಕನ್ನೇ ಕರೆಸಿದೆವು. ಅವರು ಹಿಂದಿನ ಸೀಟಿನ ಕೆಳಗಿನ ಮುಚ್ಚಳ ತೆಗೆದು, ಪಂಪಿನ ದಾರಿಯಿಂದ ಕ್ಯಾನಿಗೆ ಇಳಿಸಿಕೊಂಡರು. ಆಗ ಬ್ಯಾಟರಿ ದೂರ ಇತ್ತು, ಕಿಡಿ ಹಾರಿಸುವ, ಕಬ್ಬಿಣ ಕೊಯ್ಯುವ ಗ್ರೈಂಡರ್ ಇರಲಿಲ್ಲ, ಫೋನನ್ನೂ ಒಳಗೆ ಬಿಡಲಿಲ್ಲ. ಇಂಜಿನ್ ಆಯಿಲನ್ನು ಹಳೇ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಟ್ಟೆವು. ಇಂಜಿನ್ ತಣ್ಣಗಿಡುವ ಕೂಲೆಂಟ್ ಮಾತ್ರ ರೇಡಿಯೇಟರ್ ಒಡೆದದ್ದರಿಂದ ಮೊದಲೇ ತೊಟ್ಟಿಕ್ಕುತ್ತಿತ್ತು. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ. ಆದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಹೋಗುತ್ತದೆ. ತಮ್ಮನ ಮನೆಯ ಬೆಕ್ಕು ಕಾರಿನ ಕೆಳಗೇ ಮಲಗುತ್ತಿತ್ತು. ನೋಡಿದ ಕೂಡಲೇ ಟ್ರೇ ಇಟ್ಟು, ನೆಲಕ್ಕೆ ಮರದ ಹೊಟ್ಟು ಸುರಿದು, ಬೆಕ್ಕನ್ನು ಎರಡು ದಿನ ಒಳಗೇ ಕೂಡಿ ಹಾಕಿದೆವು. ಅದು ನನ್ನನ್ನು ಇನ್ನೂ ಕ್ಷಮಿಸಿಲ್ಲ.

47ನೇ ದಿನ ಲಾರಿ ಬಂತು. ಗುಜರಿಯವರು ಬಂದವರೇ ಮೊದಲು ಮಂಡಿಯೂರಿ ಕೆಳಗೆ ಟಾರ್ಚ್ ಬಿಟ್ಟು ಕನ್ವರ್ಟರ್ ಇದೆಯಾ ನೋಡಿದರು. ಆಮೇಲೆ ಸುತ್ತ ಒಂದು ರೌಂಡ್ ಹಾಕಿ, ಇಲ್ಲದ ಬಾಗಿಲು, ಡೈನಮೊ, ಲೈಟುಗಳಿಗೆ ಸ್ವಲ್ಪ ಮುರಿದುಕೊಂಡರು. ಫೋನಿನಲ್ಲಿ ಎಲ್ಲ ಮೊದಲೇ ಹೇಳಿದ್ದರಿಂದ ಚೌಕಾಸಿ ಜಾಸ್ತಿ ಆಗಲಿಲ್ಲ. ನಂಬರ್ ಪ್ಲೇಟುಗಳನ್ನು ನಾನೇ ಬಿಚ್ಚಿಟ್ಟುಕೊಂಡೆ. ಅವನ್ನು ಏನು ಮಾಡಬೇಕು ಅನ್ನುವ ನಿಯಮ ಒಂದೊಂದು ಕಡೆ ಒಂದೊಂದು ಥರ, ನಿಮ್ಮ ನೋಂದಣಿ ಕಚೇರಿಯಲ್ಲಿ ಕೇಳಿಕೊಳ್ಳಿ. ವಿಂಚಿನ ಹಗ್ಗ ಬಿಗಿಯಾಗಿ ಕಾರು ಮೆಲ್ಲಗೆ ಲಾರಿ ಏರುವಾಗ, ಒಡೆಯದೆ ಉಳಿದಿದ್ದ ಹಿಂದಿನ ಗಾಜಿನ ಮೇಲೆ ಮಗಳು ಬೆರಳಿನಿಂದ ಬರೆದಿದ್ದ ಬೆಕ್ಕಿನ ಮುಖ ಧೂಳಿನಲ್ಲಿ ಕಾಣಿಸಿತು. ಅವಳು ಶಾಲೆಯಲ್ಲಿದ್ದದ್ದು ಒಳ್ಳೆಯದಾಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಇಲ್ಲ. ಕಾರನ್ನು ಪುಡಿ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು, ಅದನ್ನು ಕೊಟ್ಟು ನೋಂದಣಿ ರದ್ದು ಮಾಡಿಸಬೇಕು. ಅಲ್ಲಿಯ ತನಕ ಕಾಗದದಲ್ಲಿ ಆ ಕಾರಿಗೆ ನಾನೇ ಒಡತಿ. ಅದರ ನಂಬರ್ ಹಾಕಿಕೊಂಡು ಯಾರೋ ಎಲ್ಲೋ ಏನೋ ಮಾಡಿದರೂ ಮೊದಲು ನನ್ನ ಬಾಗಿಲಿಗೇ ಬರುತ್ತಾರೆ. ಒಂದು ವಾರದ ಮೇಲೆ ಅರ್ಜಿ ವಾಪಸ್ ಬಂತು: ಕಾರಿನ ಮೈಯಲ್ಲಿ ಕೊರೆದಿರುವ ಚಾಸಿ ನಂಬರ್ ತಾಳೆಯಾಗುತ್ತಿಲ್ಲ. ನಾನೇ ಬರೆದುಕೊಟ್ಟಿದ್ದ ನಂಬರು, ತಪ್ಪೆಲ್ಲಿ? ಕೌಂಟರಿನ ಹುಡುಗಿ ನನ್ನ ಕಾಗದ ನೋಡಿದವಳೇ ನಕ್ಕಳು. 17 ಅಕ್ಷರಗಳ ಚಾಸಿ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಬರುವುದೇ ಇಲ್ಲವಂತೆ, ಒಂದು, ಸೊನ್ನೆ ಈ ಅಂಕಿಗಳ ಜೊತೆ ಗೊಂದಲ ಆಗದಿರಲಿ ಅಂತ. ನಾನು ಸೊನ್ನೆ ಬರೆಯುವ ಕಡೆ ಓ ಬರೆದಿದ್ದೆ. ಗುಜರಿಯವರು ಅದನ್ನೇ ನಕಲು ಮಾಡಿದ್ದರು. ಒಂದು ಸೊನ್ನೆಗೆ ಇನ್ನೊಂದು ವಾರ.

ದುಡ್ಡಿನ ಲೆಕ್ಕ ಕೇಳುವವರಿಗೆ: ಗುಜರಿಯಿಂದ ಬಂದದ್ದು, ಮಾರಿದ ಸಾಮಾನಿನದ್ದು, ತಮ್ಮನಿಗೆ ಉಳಿದದ್ದು ಎಲ್ಲ ಸೇರಿಸಿ ಒಂದು ಕಡೆ. ವಿಮೆಯವರು ಮುರಿದುಕೊಂಡದ್ದು, ಗ್ಯಾರೇಜ್ ಬಾಡಿಗೆ, ಎಳೆತಂದ ಖರ್ಚು, ಹಳೇ ಚಕ್ರ, ಸಾಕೆಟ್ ಸ್ಪ್ಯಾನರ್ ಸೆಟ್ಟು ಇನ್ನೊಂದು ಕಡೆ. ಸ್ವಲ್ಪ ಉಳಿಯಿತು, ಒಂದು ಹೊಸ ಕನ್ನಡಿಯ ಬೆಲೆಯಷ್ಟು. ಬಾಡಿಗೆ ಮತ್ತು ಚಕ್ರದ ಖರ್ಚು ತಪ್ಪಿಸಿದ್ದರೆ ಮೂರು ಪಟ್ಟು ಉಳಿಯುತ್ತಿತ್ತು. ತಮ್ಮ ಕೇಳಿದರೆ ಲಾಭ ಅನ್ನುತ್ತಾನೆ, ಅವನ ಡೈನಮೊ ಈಗ ಕಿರುಗುಟ್ಟುತ್ತಿಲ್ಲ.

ಇವತ್ತು ಕಾಗದ ಬಂದಾಗ ಮೊದಲು ನೋಡಿದ್ದು ಆ 17 ಅಕ್ಷರಗಳನ್ನು. ಬೆರಳಿಟ್ಟು ಒಂದೊಂದಾಗಿ ಓದಿದೆ. ಸೊನ್ನೆ ಸೊನ್ನೆಯಾಗಿಯೇ ಇತ್ತು. ಒಂದು ನಕಲು ವಿಮೆಯವರಿಗೆ ಕಳಿಸಿ, ಮೂಲವನ್ನು ಅಲ್ಮೇರಾದಲ್ಲಿಟ್ಟು, ಸೀಟಿನ ಕೆಳಗೆ ಸಿಕ್ಕಿದ್ದ ಆ ಕೀಯಿಂದಲೇ ಬೀಗ ಹಾಕಿದೆ.